ಆಮೆ ತಂದವನು

ಬಂದರಿನಲ್ಲಿ ಅವನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದಿತ್ತು. ಬಲೆಯ ಗಂಟು ಬಿಡಿಸುವುದು, ಉಣ್ಣುವುದು, ನಗುವುದು, ಕೊನೆಗೆ ಸಿಟ್ಟು ಮಾಡಿಕೊಳ್ಳುವುದು ಕೂಡ ಅವನಿಗೆ ನಿಧಾನವೇ. ಯಾರಾದರೂ ಬೈದರೆ ಅದು ಬೈಗುಳವೆಂದು ಅವನ ತಲೆಗೆ ಹೋಗುವಷ್ಟರಲ್ಲಿ ಬೈದವನು ಮನೆಗೆ ಹೋಗಿ ಉಂಡು ಮಲಗಿರುತ್ತಿದ್ದ. ತಮ್ಮ ಇದಕ್ಕೆ ತದ್ವಿರುದ್ಧ. ಕಿಡಿ ತಾಗುವ ಮೊದಲೇ ಸಿಡಿಯುವ ಆಸಾಮಿ. ಹಾಗಾಗಿ ಅವನಿಗೆ ಪಟಾಕಿ ಎಂದು ಹೆಸರು. ಅಪ್ಪ ಕಟ್ಟಿಸಿ ಬಿಟ್ಟುಹೋದ ಬೋಟು ಇಬ್ಬರಿಗೂ ಸೇರಿದ್ದು. ಚುಕ್ಕಾಣಿ ಅಣ್ಣನದು, ಬಾಯಿ ತಮ್ಮನದು ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಂಡರೂ ಆ ಬೋಟಿನಲ್ಲಿ ಎರಡು ಮಾತಿಗೆ ಜಾಗವಿತ್ತು, ಜಗಳ ದಡಕ್ಕೆ ಬರುತ್ತಿರಲಿಲ್ಲ.

ಆ ಬೋಟು ಕೈತಪ್ಪಿದ್ದು ಒಂದು ಆಮೆಯಿಂದ. ಸರಿಯಾಗಿ ಹೇಳಬೇಕೆಂದರೆ, ಆಮೆಯನ್ನು ಉಳಿಸಿದ್ದರಿಂದ.

ಅವತ್ತು ಬಲೆ ಎಳೆದು ಬೋಟಿನ ಹಲಗೆಯ ಮೇಲೆ ಬಿಚ್ಚಿದಾಗ ಮೀನು, ಏಡಿ, ಪ್ಲಾಸ್ಟಿಕ್ ಚೀಲಗಳ ನಡುವೆ ಊಟದ ಮೇಜಿನಷ್ಟು ಅಗಲದ ಒಂದು ಹೆಣ್ಣು ಆಮೆ ದಬ್ಬನೆ ಬಿತ್ತು. ಅದರ ಮುಂದಿನ ಬಲಗಾಲಿಗೆ ನೈಲಾನ್ ಹಗ್ಗವೊಂದು ಸುತ್ತಿಕೊಂಡು ಮಾಂಸದೊಳಕ್ಕೆ ಹೂತುಹೋಗಿತ್ತು. ಹಗ್ಗ ಇವರದಲ್ಲ. ಯಾರೋ ಎಂದೋ ಬಿಸಾಡಿದ್ದು; ಅದರ ಮೇಲೆ ಪಾಚಿ ಬೆಳೆದಿತ್ತು. ಆಮೆ ಬಾಯಿ ತೆರೆದು, ವಯಸ್ಸಾದವರು ಮೆಟ್ಟಿಲು ಹತ್ತಿ ಬಂದು ಬಿಡುವ ಹಾಗೆ ಒಂದು ಉಸಿರು ಬಿಟ್ಟಿತು.

"ಎತ್ತಿ ಆಚೆ ಹಾಕು ಅಣ್ಣ. ಯಾರೂ ನೋಡಿಲ್ಲ," ಎಂದ ಪಟಾಕಿ.

"ಜೀವ ಇದೆ ಕಣೋ."

"ಇರ್ಲಿ. ನೀರಲ್ಲಿ ಬದುಕೋದನ್ನ ನಾವೇನು ಅದಕ್ಕೆ ಹೇಳ್ಕೊಡಬೇಕಾ?"

"ಈ ಕಾಲಿಟ್ಕೊಂಡು ಎಲ್ಲಿ ಈಜುತ್ತೆ? ಮುಳುಗಿ ಸಾಯುತ್ತೆ."

"ಅಣ್ಣ, ನಮ್ಮ ಬಲೇಲಿ ಕಿಂಡಿ ಇಲ್ಲ. ಅದು ನೆನಪಿದೆ ತಾನೆ?"

ನೆನಪಿತ್ತು. ಆಮೆ ಸಿಕ್ಕಿಕೊಂಡರೆ ಹೊರಗೆ ಹೋಗಲೆಂದು ಪ್ರತಿಯೊಂದು ಬಲೆಯಲ್ಲೂ ಒಂದು ಕಿಂಡಿ ಇರಬೇಕೆಂಬ ಕಾನೂನು ಬಂದು ಬಹಳ ಕಾಲವಾಗಿತ್ತು. ಆ ಕಿಂಡಿಯಲ್ಲಿ ಆಮೆಯ ಜೊತೆ ಅರ್ಧ ಮೀನೂ ಹೊರಟುಹೋಗುತ್ತಿತ್ತು. ಹಾಗಾಗಿ ಬಂದರಿನ ಒಂದೇ ಒಂದು ಬೋಟಿನಲ್ಲೂ ಅದು ಇರಲಿಲ್ಲ. ಇಲ್ಲವೆಂಬುದು ಬೋಟಿನವರಿಗೂ ಗೊತ್ತು, ಮೀನು ಕೊಳ್ಳುವವರಿಗೂ ಗೊತ್ತು, ಮೀನುಗಾರಿಕೆ ಇಲಾಖೆಯವರಿಗೂ ಗೊತ್ತು. ಆಮೆ ಬಂದರೆ ಎಲ್ಲರೂ ಎತ್ತಿ ಆಚೆ ಹಾಕಿ ಸುಮ್ಮನಾಗುತ್ತಿದ್ದರು.

ನಿಧಾನಪ್ಪ ಯೋಚಿಸಿದ. ಅವನು ಯೋಚಿಸುವುದೆಂದರೆ ಪಟಾಕಿಗೆ ಮೈ ಉರಿಯುತ್ತಿತ್ತು. ಆಮೆಯ ತಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಹಗ್ಗ ಹೂತ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಕೊನೆಗೆ ಒಂದು ಗೋಣಿಯನ್ನು ನೀರಿನಲ್ಲಿ ಅದ್ದಿ ಅದರ ಬೆನ್ನಿಗೆ ಹೊದಿಸಿದ.

"ಬೋಟು ತಿರುಗಿಸ್ತೀನಿ," ಎಂದ.

ಬಂದರಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ಗಾಯಗೊಂಡ ಆಮೆ ಕಂಡರೆ ಕರೆ ಮಾಡಿ, ಜೀವ ಉಳಿಸಿ ಎಂದು ಬರೆದು ಕೆಳಗೊಂದು ಫೋನ್ ನಂಬರು ಹಾಕಿದ್ದರು. ಅದರ ಪಕ್ಕದಲ್ಲಿ ಜನ ನಿಂತು ಉಚ್ಚೆ ಹೊಯ್ಯುತ್ತಿದ್ದರೇ ಹೊರತು ಯಾರೂ ಆ ನಂಬರಿಗೆ ಫೋನ್ ಮಾಡಿದ್ದನ್ನು ಕಂಡವರಿರಲಿಲ್ಲ. ನಿಧಾನಪ್ಪ ಮಾಡಿದ. ಆಮೆಗಳ ಆಸ್ಪತ್ರೆಯ ವ್ಯಾನು ಬಂತು. ಅದರಿಂದ ಇಳಿದ ಡಾಕ್ಟರಮ್ಮ, ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ ಸಣಕಲು ಹೆಂಗಸು, ಮೀನಿನ ಲೋಳೆಯ ಮೇಲೆಯೇ ಮಂಡಿಯೂರಿ ಆಮೆಯ ಕಾಲು ನೋಡಿದರು. ಆಮೇಲೆ ಎದ್ದು ಅವನ ಎರಡೂ ಕೈ ಹಿಡಿದುಕೊಂಡರು.

"ಅಣ್ಣಾ, ಈ ನಂಬರು ಹಾಕ್ಸಿದ ಮೇಲೆ ಬಂದ ಮೊದಲನೇ ಫೋನ್ ನಿಮ್ದು. ದೊಡ್ಡ ಕೆಲಸ ಮಾಡಿದ್ರಿ."

ಅವನಿಗೆ ನಾಚಿಕೆಯಾಯಿತು. ಸಂತೋಷವೂ ಆಯಿತು. ಆ ಸಂತೋಷ ಪೂರ್ತಿ ಮುಖಕ್ಕೆ ಬರುವ ಮೊದಲೇ ವ್ಯಾನಿನ ಹಿಂದೆ ಇಲಾಖೆಯ ಜೀಪು ಬಂದು ನಿಂತಿತು. ಆಮೆ ಸಿಕ್ಕಿದರೆ ಇಲಾಖೆಗೆ ತಿಳಿಸಬೇಕೆಂಬುದು ಆಸ್ಪತ್ರೆಯ ನಿಯಮ. ಡಾಕ್ಟರಮ್ಮ ಹೊರಡುವ ಮುಂಚೆ ತಿಳಿಸಿದ್ದರು. ಇವನಿಗೊಂದು ಪ್ರಶಂಸೆಯ ಪತ್ರವಾದರೂ ಸಿಗಲಿ ಎಂದುಕೊಂಡಿದ್ದರಂತೆ.

ಜೀಪಿನಿಂದಿಳಿದ ಸಾಹೇಬ ಆಮೆಯ ಕಡೆ ತಿರುಗಿಯೂ ನೋಡಲಿಲ್ಲ.

"ಯಾವ ಬಲೆಗೆ ಬಿತ್ತು?"

"ನಮ್ಮದೇ ಸಾರ್."

"ತೆಗಿ, ನೋಡೋಣ."

ನಿಧಾನಪ್ಪ ಬಲೆ ತೆಗೆದು ಹರಡಿದ. ಸಾಹೇಬ ಅದನ್ನು ಬೂಟಿನ ತುದಿಯಲ್ಲಿ ಕೆದಕಿ, "ಕಿಂಡಿ ಎಲ್ಲಪ್ಪಾ?" ಎಂದ. ಸಂಜೆಯ ಹೊತ್ತಿಗೆ ಬೋಟಿಗೆ ಸರಪಳಿ ಬಿದ್ದಿತ್ತು.

ಡಾಕ್ಟರಮ್ಮ ಸುಮ್ಮನಿರಲಿಲ್ಲ. ಇಲಾಖೆಗೆ ಅಲೆದರು, ಗಾಯ ಹಳೆಯದು, ಹಗ್ಗ ಇವನದಲ್ಲ, ಇವನು ತರದಿದ್ದರೆ ಆಮೆ ಸಾಯುತ್ತಿತ್ತು ಎಂದು ಹೇಳಿದರು. "ಬಲೆ ಇವನದೇ ತಾನೆ? ಒಪ್ಕೊಂಡಿದ್ದಾನೆ ತಾನೆ?" ಎಂಬ ಎರಡು ಪ್ರಶ್ನೆಗಳ ಆಚೆ ಸಾಹೇಬ ಬರಲಿಲ್ಲ. ವರ್ಷವೆಲ್ಲ ಒಂದು ಕೇಸೂ ಹಾಕದೆ ಮೇಲಿನವರಿಂದ ಉಗಿಸಿಕೊಂಡಿದ್ದ ಕಚೇರಿಗೆ ಮನೆಬಾಗಿಲಿಗೆ ಬಂದ ಕೇಸದು, ಬಿಡುವುದುಂಟೆ?

ಪಟಾಕಿ ಅವತ್ತು ಸಿಡಿಯಲಿಲ್ಲ. ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತು ಸರಪಳಿಯನ್ನು ನೋಡುತ್ತ, "ಇಷ್ಟು ದೊಡ್ಡ ಸಮುದ್ರದಲ್ಲಿ ಆಮೆ ಬಿದ್ದದ್ದು ನಿನ್ನೊಬ್ಬನ ಬಲೆಗೇ ಅಂತ ಇನ್ಮೇಲೆ ಕಾಗದದಲ್ಲಿರುತ್ತೆ," ಎಂದಷ್ಟೇ ಹೇಳಿದ. ಅವನು ಕೂಗಾಡಿದ್ದರೆ ನಿಧಾನಪ್ಪನಿಗೆ ಸಮಾಧಾನವಾಗುತ್ತಿತ್ತು.

ಕೇಸು ಎಳೆಯಿತು. ಜಪ್ತಿಯಾದ ಬೋಟು ಇಲಾಖೆಯ ಅಂಗಳದಲ್ಲಿ ಬಿಸಿಲಿಗೆ ಬಿರುಕುಬಿಟ್ಟು, ಮಳೆಗೆ ನೆನೆದು, ನಾಯಿಗಳಿಗೆ ನೆರಳಾಯಿತು. ಪರವಾನಗಿ ರದ್ದಾಯಿತು. ಒಂದು ದಿನ ಬೋಟು ಹರಾಜಿಗೆ ಹೋಯಿತೆಂದು ಯಾರೋ ಹೇಳಿದರು. ಕೊಂಡವರು ಯಾರೆಂದು ಕೇಳುವ ಧೈರ್ಯ ನಿಧಾನಪ್ಪನಿಗೆ ಬರಲಿಲ್ಲ. ಅವನು ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಕಬ್ಬಿಣದ ಕೊಕ್ಕೆಯಿಂದ ಮಂಜಿನ ಗಡ್ಡೆಯನ್ನೆಳೆದು ಪುಡಿಮಾಡುವ ಯಂತ್ರದ ಬಾಯಿಗೆ ತುರುಕುವುದು, ಅಷ್ಟೆ. ಆ ಯಂತ್ರಕ್ಕೆ ನಿಧಾನವೆಂದರೆ ಆಗದು. ಹೆಂಡತಿ ಸಿಗಡಿ ಸುಲಿಯುವ ಶೆಡ್ಡಿಗೆ ಹೋದಳು. ಐಸ್ ನೀರಿನಲ್ಲಿ ನೆನೆದು ನೆನೆದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಸೂಜಿಗೆ ದಾರ ಪೋಣಿಸಿದರೆ ದಾರ ತಾಗಿದ್ದೂ ತಿಳಿಯದಂತಾದವು. ಪಟಾಕಿ ಒಂದು ಬೆಳಗ್ಗೆ ಚೀಲಕ್ಕೆ ಬಟ್ಟೆ ತುಂಬಿಕೊಂಡು, "ಅತ್ತಿಗೆ, ಬರ್ತೀನಿ" ಎಂದು ಹೊರಟ. ಅಣ್ಣನಿಗೆ ಹೇಳಲಿಲ್ಲ. ಊರಾಚೆಯ ರೆಸಾರ್ಟಿನಲ್ಲಿ ಕೆಲಸ ಸಿಕ್ಕಿದೆ, ಉಳಿಯುವುದಕ್ಕೂ ಅಲ್ಲೇ ಜಾಗ ಕೊಟ್ಟಿದ್ದಾರೆ ಎಂದು ಆಮೇಲೆ ತಿಳಿಯಿತು.

ಇತ್ತ ಆಮೆ ಚೇತರಿಸಿಕೊಳ್ಳುತ್ತಿತ್ತು. ಅದರ ಚಿಕಿತ್ಸೆಗೆ ಅದೇ ರೆಸಾರ್ಟಿನ ಸಾಹುಕಾರ ದುಡ್ಡು ಕೊಟ್ಟಿದ್ದ. ಹೆಸರಿಡುವ ಸ್ಪರ್ಧೆ ನಡೆಸಿ ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟರು. ಮಹಾರಾಣಿ ಇವತ್ತು ಊಟ ಮಾಡಿದಳು, ಮಹಾರಾಣಿಯ ಹೊಲಿಗೆ ಬಿಚ್ಚಿದರು ಎಂದು ದಿನಾ ಫೋನಿನಲ್ಲಿ ಚಿತ್ರಗಳು ಹರಿದಾಡುತ್ತಿದ್ದವು. ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಹೆಂಗಸರು ಅದನ್ನು ನಿಧಾನಪ್ಪನ ಹೆಂಡತಿಗೆ ತೋರಿಸಿ, "ನಿನ್ನ ಸವತಿ ದಪ್ಪ ಆಗಿದ್ದಾಳೆ ನೋಡೇ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಮಹಾರಾಣಿಯನ್ನು ಸಮುದ್ರಕ್ಕೆ ಬಿಡುವ ದಿನ ಗೊತ್ತಾದಾಗ ಡಾಕ್ಟರಮ್ಮ ತಾವೇ ಐಸ್ ಕಾರ್ಖಾನೆಗೆ ಬಂದರು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದೆ ಅವನನ್ನು ಹೊರಗೆ ಕರೆದರು.

"ನೀವು ಬರ್ಲೇಬೇಕು ಅಣ್ಣಾ. ನೀವಿಲ್ದಿದ್ರೆ ಅವಳೇ ಇರ್ತಿರ್ಲಿಲ್ಲ."

"ನಾನ್ಯಾಕಮ್ಮಾ ಅಲ್ಲಿ. ದೊಡ್ಡೋರು ಬರೋ ಜಾಗ."

"ನನಗೋಸ್ಕರ ಬನ್ನಿ," ಎಂದರು ಅವರು. ಅವರ ಕಣ್ಣು ತುಂಬಿದ್ದನ್ನು ನೋಡಿ ಅವನು ಹೂಂ ಎಂದುಬಿಟ್ಟ.

ಹೊರಡುವ ಹೊತ್ತಿಗೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಇಸ್ತ್ರಿ ಅಂಗಿ ಬೇರೆ. ಮಗಳ ಮದುವೆಗೆ ಹೊರಟ ಹಾಗಿದೆ."

"ನೀನೂ ಬಾ."

"ನಾನು ಬಂದ್ರೆ ಅದಕ್ಕೆ ಒಂದು ಒದ್ದು ಬರ್ತೀನಿ. ಹೋಗಿ, ಹೋಗಿ ಬನ್ನಿ." ಅವನು ಬೀದಿಯ ತಿರುವು ದಾಟುವವರೆಗೂ ಅವಳು ಒಳಗೆ ಹೋಗಲಿಲ್ಲ.

ರೆಸಾರ್ಟಿನ ಮರಳಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಸಾಲು. ಮೈಕು ಕಿರ್ರೆನ್ನುತ್ತಿತ್ತು. ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿದ್ದರು. ಮಹಾರಾಣಿ ಒಂದು ಮರದ ಪೆಟ್ಟಿಗೆಯಲ್ಲಿ, ಒದ್ದೆ ಬಟ್ಟೆ ಹೊದ್ದು, ಯಾವ ಗಲಾಟೆಗೂ ತನಗೂ ಸಂಬಂಧವಿಲ್ಲವೆಂಬಂತೆ ಮಲಗಿದ್ದಳು. ಸಾಹುಕಾರ ಮೈಕು ಹಿಡಿದು, ಕ್ರೂರ ಕೈಗಳು ಮಾಡಿದ ಗಾಯವನ್ನು ಕರುಣೆಯ ಕೈಗಳು ಮಾಯಿಸಿದ ಕತೆಯನ್ನು ಹೇಳಿದ. ಚಪ್ಪಾಳೆಗಳು ಬಿದ್ದವು. ನಿಧಾನಪ್ಪನೂ ತಟ್ಟಿದ. ಯಾರ ಕೈಗಳ ಮಾತೆಂದು ಅವನಿಗೆ ಹೊಳೆದದ್ದು ತಟ್ಟಿ ಮುಗಿದ ಮೇಲೆ.

ಅಲೆಗಳಾಚೆ ಒಯ್ದು ಬಿಡಬೇಕು; ಅದಕ್ಕೊಂದು ಬೋಟು ಸಿದ್ಧವಾಗಿತ್ತು. ಪೆಟ್ಟಿಗೆ ಭಾರ. ಡಾಕ್ಟರಮ್ಮ ಜನರ ನಡುವೆ ಹುಡುಕಿ, "ಅಣ್ಣಾ, ನೀವೂ ಒಂದು ಕೈ ಹಾಕಿ, ನೀವೂ ಬೋಟಿಗೆ ಬನ್ನಿ" ಎಂದು ಕರೆದರು. ಅವನು ಪೆಟ್ಟಿಗೆಯ ಒಂದು ಮೂಲೆ ಹೊತ್ತು, ಮೊಣಕಾಲು ನೀರಿನಲ್ಲಿ ನಡೆದು, ಬೋಟಿನ ಅಂಚಿಗೆ ಕೈಯಿಟ್ಟ.

ಕೈಯಿಟ್ಟ ಕೂಡಲೇ ತಿಳಿಯಿತು.

ಬಿಳಿ ಬಣ್ಣ ಬಳಿದಿದ್ದರು. ಮೂತಿಯ ಮೇಲೆ ಹಲ್ಲು ಬಿಟ್ಟು ನಗುವ ಒಂದು ಆಮೆಯ ಚಿತ್ರ. ಮೀನು ತುಂಬುವ ಗುಂಡಿಯನ್ನು ಮುಚ್ಚಿ ಮೆತ್ತೆಯ ಆಸನಗಳನ್ನು ಹಾಕಿದ್ದರು. ಎಷ್ಟು ಬಣ್ಣ ಬಳಿದರೇನು, ಅಪ್ಪ ಆತುಕೊಂಡು ನಿಂತು ನಿಂತು ಸವೆದ ಆ ಅಂಚಿನ ತಗ್ಗು ಅಂಗೈಗೆ ಹಾಗೆಯೇ ಕೂತಿತು. ಹತ್ತುವಾಗ ಅವನು ಅಭ್ಯಾಸಬಲದಿಂದ ತಲೆ ಬಗ್ಗಿಸಿದ. ಬಗ್ಗಿಸಬೇಕಾದ ತೊಲೆ ಅಲ್ಲಿ ಇರಲಿಲ್ಲ, ಚಾವಣಿಯನ್ನೇ ಕಿತ್ತುಹಾಕಿದ್ದರು. ಯಾರೋ ಕಿಸಕ್ಕೆಂದರು.

"ಜೋಪಾನ ಸಾರ್, ಕಾಲಿಟ್ಟು ಹತ್ತಿ," ಎಂದಿತು ಚುಕ್ಕಾಣಿಯ ಕಡೆಯಿಂದ ಒಂದು ದನಿ.

ಜೇಬಿನ ಮೇಲೆ ಆಮೆಯ ಗುರುತಿದ್ದ ಬಿಳಿ ಸಮವಸ್ತ್ರ, ತಲೆಗೆ ಟೋಪಿ. ಪಟಾಕಿ. ಅಣ್ಣನನ್ನು ಸಾರ್ ಎಂದು ಕರೆದು ಮುಖ ಆಚೆ ತಿರುಗಿಸಿದ.

ಬೋಟಿನಲ್ಲಿ ಸಾಹುಕಾರ, ಇಲಾಖೆಯ ಸಾಹೇಬ, ಡಾಕ್ಟರಮ್ಮ, ಕ್ಯಾಮೆರಾ ಹಿಡಿದ ಒಬ್ಬ. ನಿಧಾನಪ್ಪ ಪೆಟ್ಟಿಗೆಯ ಪಕ್ಕದಲ್ಲಿ ಕೆಳಗೇ ಕೂತ. ಮೆತ್ತೆಯ ಮೇಲೆ ಕೂರಲು ಅವನಿಗೆ ಮನಸ್ಸಾಗಲಿಲ್ಲ. ತನ್ನದೇ ಬೋಟಿನಲ್ಲಿ ಯಾವ ಮೂಲೆಯಲ್ಲಿ ಕಾಲು ಚಾಚಬೇಕೆಂದು ತಿಳಿಯದೆ ಮುದುಡಿಕೊಂಡ. ಮಾತಾಡಲು ತಮ್ಮನ ಕಡೆ ಸರಿದ.

"ನಮ್ಮ ಬೋಟು ಅಂತ ಹೇಳ್ಲೇ ಇಲ್ವಲ್ಲೋ."

"ನಮ್ಮದಲ್ಲ. ರೆಸಾರ್ಟಿಂದು."

"ಇದನ್ನ ನಡೆಸೋಕೇ ಇಲ್ಲಿಗೆ ಸೇರಿದ್ಯಾ?"

ಪಟಾಕಿ ಎದುರಿನ ಅಲೆಯನ್ನೇ ನೋಡುತ್ತಿದ್ದ. "ಬೇರೆ ಯಾರಾದ್ರೂ ನಡೆಸೋದನ್ನ ನೋಡ್ಕೊಂಡು ನೀನಿರ್ತೀಯ. ನನ್ನ ಕೈಲಿ ಆಗಲ್ಲ."

ಅಲೆಗಳ ಆಚೆ ಎಂಜಿನ್ ನಿಲ್ಲಿಸಿದರು. ನೀರು ತಣ್ಣಗೆ ತೂಗುತ್ತಿತ್ತು. ದಡದಲ್ಲಿ ಜನ ಇರುವೆಗಳಂತೆ ಕಾಣುತ್ತಿದ್ದರು. ಡಾಕ್ಟರಮ್ಮ ಬಟ್ಟೆ ಸರಿಸಿದರು. ಹಗ್ಗ ಕೊರೆದಿದ್ದ ಜಾಗದಲ್ಲಿ ಈಗ ನುಣುಪಾದ, ತಿಳಿಬಣ್ಣದ ಒಂದು ಪಟ್ಟಿ ಮಾತ್ರ ಇತ್ತು. ನಿಧಾನಪ್ಪ ಒಂದು ಕಡೆ, ಎಂಜಿನ್ ಬಿಟ್ಟು ಬಂದ ಪಟಾಕಿ ಇನ್ನೊಂದು ಕಡೆ, ಇಬ್ಬರೂ ಚಿಪ್ಪಿನ ಅಂಚು ಹಿಡಿದು ಎತ್ತಿದರು. ಹೀಗೆ ಇಬ್ಬರೂ ಸೇರಿ ಭಾರ ಎತ್ತಿ ಬಹಳ ಕಾಲವಾಗಿತ್ತು. ಒಬ್ಬರಿಗೊಬ್ಬರು ಹೇಳದೆಯೇ ಒಂದೇ ಉಸಿರಿಗೆ ಎತ್ತಿದರು. ಆಮೆಗೆ ಗಾಳಿಯಲ್ಲಿ ಉಪ್ಪಿನ ವಾಸನೆ ಸಿಕ್ಕಿತೋ ಏನೋ, ಕಾಲುಗಳು ಬಡಿಯತೊಡಗಿದವು. ಒಂದು ಏಟು ಪಟಾಕಿಯ ಟೋಪಿಗೆ ಬಿದ್ದು ಟೋಪಿ ಸಮುದ್ರ ಸೇರಿತು.

ಬಿಟ್ಟರು.

ಕ್ಷಣಹೊತ್ತು ಅದು ನೀರಿನ ಮೇಲೆಯೇ ತೇಲಿತು. ಆಮೇಲೆ ಮಾಯಿದ ಆ ಕಾಲನ್ನು ಒಮ್ಮೆ ಚಾಚಿತು, ಹಿಂದಕ್ಕೆಳೆಯಿತು. ಎರಡನೆಯ ಸಲಕ್ಕೆ ಇಡೀ ಮೈ ಕಲ್ಲಿನಂಥ ತನ್ನ ಭಾರವನ್ನು ಮರೆತು, ಹಕ್ಕಿಯಂತೆ ಓರೆಯಾಗಿ ಕೆಳಗಿಳಿಯಿತು. ಹಸಿರು ನೀರಿನಲ್ಲಿ ಸ್ವಲ್ಪ ದೂರ ಕಾಣಿಸಿ ಕಂದು ನೆರಳಾಯಿತು. ನೆರಳೂ ಹೋಯಿತು.

ನಿಧಾನಪ್ಪನ ಎದೆ ಜಿಗಿಯಿತು. ಹೌದು, ಅಷ್ಟೆಲ್ಲ ಆದ ಮೇಲೂ ಅವನಿಗೆ ಸಂತೋಷವೇ ಆಯಿತು. ಬೋಟು, ಐಸ್ ಗಡ್ಡೆ, ಹೆಂಡತಿಯ ಬೆರಳು, ಯಾವುದೂ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. "ಹೋಯ್ತು ನೋಡೋ," ಎಂದು ಕೂಗಿದ. ಬರಿದಲೆಯ ಪಟಾಕಿ, "ಟೋಪಿ ಸಮೇತ ಹೋಯ್ತು!" ಎಂದು ನಕ್ಕೇಬಿಟ್ಟ. ಅಣ್ಣತಮ್ಮಂದಿರ ಕಣ್ಣು ಕೂಡಿತು. ಡಾಕ್ಟರಮ್ಮ ಅಳುತ್ತಿದ್ದರು. ಆ ನಗು ಅಲ್ಲಿಗೇ ಉಳಿದು, ಬೋಟು ಅಲ್ಲಿಂದಲೇ ತಿರುಗಿ ದಡ ಸೇರಿದ್ದರೆ ಎಲ್ಲವೂ ಹೇಗೋ ನೇರವಾಗುತ್ತಿತ್ತೋ ಏನೋ.

ಡಾಕ್ಟರಮ್ಮನೇ ಒಳ್ಳೆಯ ಮನಸ್ಸಿನಿಂದ ಅದನ್ನು ಕೆಡಿಸಿದರು. ಕಣ್ಣೊರೆಸಿಕೊಂಡು ಸಾಹುಕಾರನಿಗೆ, "ಇವರೇ ಸಾರ್, ಇವಳನ್ನ ತಂದವರು" ಎಂದರು.

ಸಾಹುಕಾರ ನಿಧಾನಪ್ಪನನ್ನು ಮೇಲಿನಿಂದ ಕೆಳಗೆ ನೋಡಿದ. "ಓಹೋ, ಕೇಸಾಯ್ತಲ್ಲ, ಅವನೇ?" ಎಂದು ಸಾಹೇಬನ ಕಡೆ ತಿರುಗಿದ. ಅವನ ಮುಖದಲ್ಲಿ ಏನೋ ಹೊಳೆಯಿತು. "ಇವನು ಎರಡು ಮಾತಾಡ್ಲಿ. ಬಲೆ ಹಾಕಿದವನೇ ಬಂದು ತಪ್ಪೊಪ್ಪಿಕೊಂಡು ಆಮೆ ಬಿಟ್ಟ ಅಂದ್ರೆ ನೋಡೋರ ಮನಸ್ಸಿಗೆ ಎಷ್ಟು ನಾಟುತ್ತೆ!"

ಕ್ಯಾಮೆರಾದವನು ಎದ್ದು ಬೆಳಕು ನೋಡತೊಡಗಿದ. ಸಾಹೇಬ ನಿಧಾನಪ್ಪನ ಪಕ್ಕಕ್ಕೆ ಸರಿದು ಭುಜದ ಮೇಲೆ ಕೈಯಿಟ್ಟ. ದನಿ ತಗ್ಗಿಸಿ, "ಪರವಾನಗಿಗೆ ಮತ್ತೆ ಅರ್ಜಿ ಹಾಕಿದ್ದೀಯಲ್ಲಪ್ಪಾ, ನನ್ನ ಮೇಜಿನ ಮೇಲೇ ಇದೆ. ಅವತ್ತು ತಪ್ಪು ಮಾಡ್ದೆ, ಇನ್ಮೇಲೆ ಮಾಡಲ್ಲ, ಅಷ್ಟು ಹೇಳು. ಮಿಕ್ಕಿದ್ದು ನನಗೆ ಬಿಡು," ಎಂದ.

"ಸಾರ್, ಇವರೇನು ತಪ್ಪು..." ಎಂದು ಡಾಕ್ಟರಮ್ಮ ಬಾಯಿ ತೆರೆದರು.

"ಅದೆಲ್ಲ ಆಮೇಲೆ ಮೇಡಂ," ಎಂದ ಸಾಹುಕಾರ, ನಗುತ್ತಲೇ. ಆಸ್ಪತ್ರೆಯ ಬಾಡಿಗೆ ಕಟ್ಟುತ್ತಿದ್ದವನು ಅವನು. ಡಾಕ್ಟರಮ್ಮ ತೆರೆದ ಬಾಯಿ ಮುಚ್ಚಿಕೊಂಡರು.

ನಿಧಾನಪ್ಪ ಎಂದಿನಂತೆ ಯೋಚಿಸಿದ. ಎಲ್ಲರೂ ಕಾದರು. ತಮ್ಮ ಚುಕ್ಕಾಣಿಯ ಮೇಲೆ ಕೈಯಿಟ್ಟು, ಬೆನ್ನು ತಿರುಗಿಸಿ ನಿಂತಿದ್ದ. ಆದರೆ ಎಂಜಿನ್ ಚಾಲೂ ಮಾಡಿರಲಿಲ್ಲ. ಕಾಯುತ್ತಿದ್ದಾನೆಂದು ನಿಧಾನಪ್ಪನಿಗೆ ಗೊತ್ತು. ಜೀವಮಾನದಲ್ಲಿ ಯಾವತ್ತೂ ಬೇಗ ಬಾರದಿದ್ದ ಸಿಟ್ಟು ಅವತ್ತು, ಅಷ್ಟೊಂದು ಕಾಲದ ಮೇಲೆ, ಕೊನೆಗೂ ಬಂತು. ಬಂದದ್ದು ಕೂಗಾಗಿ ಅಲ್ಲ. ಅವನು ಕ್ಯಾಮೆರಾವನ್ನು ನೇರವಾಗಿ ನೋಡಿ, ಒಂದೊಂದೇ ಮಾತನ್ನು ನೆಲಕ್ಕಿಟ್ಟ ಹಾಗೆ ಹೇಳಿದ:

"ಅವತ್ತು ನಾನು ತಪ್ಪು ಮಾಡ್ದೆ. ನನ್ನ ತಮ್ಮ ಬೇಡ ಅಂದ, ಕೇಳ್ಲಿಲ್ಲ. ಆ ತಪ್ಪಿಂದ ನಮ್ಮ ಮನೆ ಹಾಳಾಯ್ತು. ಇನ್ಮೇಲೆ ಅಂಥ ತಪ್ಪು ಮಾಡಲ್ಲ. ಬಂದರಿನವರಿಗೆಲ್ಲ ಹೇಳ್ತೀನಿ, ನನ್ನ ನೋಡಿ ಕಲೀರಿ. ನಾನು ಮಾಡಿದ್ದನ್ನ ಯಾರೂ ಮಾಡ್ಬೇಡಿ."

"ಭೇಷ್!" ಎಂದ ಸಾಹುಕಾರ. ಸಾಹೇಬ ಬೆನ್ನು ತಟ್ಟಿದ. ಕ್ಯಾಮೆರಾದವನು ಹೆಬ್ಬೆರಳೆತ್ತಿದ. ಡಾಕ್ಟರಮ್ಮನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವರಿಗೆ ಅರ್ಥವಾಗಿತ್ತು. ಅವರು ಅವನನ್ನು ನೋಡಿದರು. ಅವನು ಆಮೆ ಹೋದ ನೀರಿನ ಕಡೆ ನೋಡುತ್ತಿದ್ದ. ಎಂಜಿನ್ ಒಮ್ಮೆಲೇ ಗುಡುಗಿತು.

ದಡದಲ್ಲಿ ಎಲ್ಲರೂ ಇಳಿದ ಮೇಲೆ ಪಟಾಕಿ ಅಣ್ಣನ ತೋಳು ಹಿಡಿದು ಇಳಿಸಿದ. ಕಿವಿಯ ಹತ್ತಿರ, "ಅಂತೂ ಕಲಿತೆ ಬಿಡು. ಫೀಸು ಒಂಚೂರು ಜಾಸ್ತಿ ಆಯ್ತು, ಅಷ್ಟೆ," ಎಂದ. ಈ ಸಲ ಸಾರ್ ಎನ್ನಲಿಲ್ಲ.

ಆ ಮಾತು ಫೋನಿನಿಂದ ಫೋನಿಗೆ ಹಾರಿತು. ದೂರದ ಊರುಗಳ ಜನ ಅದನ್ನು ನೋಡಿ, ಪಶ್ಚಾತ್ತಾಪಪಟ್ಟ ಮೀನುಗಾರನಿಗೆ ಕೈಮುಗಿಯುವ ಚಿತ್ರಗಳನ್ನು ಕಳಿಸಿದರು. ಬಂದರಿನವರು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲೆಯಲ್ಲಿ ಆಮೆ ಬಂದಾಗ ಈಗ ಬೋಟುಗಳಲ್ಲಿ ಒಬ್ಬರಿಗೊಬ್ಬರು, "ಲೋ, ತಪ್ಪು ಮಾಡ್ಬೇಡ" ಎನ್ನುತ್ತಿದ್ದರು. ಎನ್ನುತ್ತಲೇ ಎತ್ತಿ ಆಚೆ ಎಸೆಯುತ್ತಿದ್ದರು. ಮೊದಲು ಅಂಥ ಹೊತ್ತಿನಲ್ಲಿ ಒಂದಿಬ್ಬರಾದರೂ ಹಿಂದೆಮುಂದೆ ನೋಡುತ್ತಿದ್ದರು, ಸುತ್ತಿದ ಬಲೆಯನ್ನಾದರೂ ಕತ್ತರಿಸಿ ಬಿಡುತ್ತಿದ್ದರು. ಈಗ ಅದೂ ನಿಂತಿತು. ನಿಧಾನಪ್ಪನಂಥ ನಿಧಾನಪ್ಪನಿಗೇ ಬುದ್ಧಿ ಬಂದ ಮೇಲೆ ಉಳಿದವರದ್ದೇನು?

ಸಾಹೇಬ ಮಾತಿಗೆ ತಪ್ಪಲಿಲ್ಲ, ಪರವಾನಗಿ ಬಂತು. ಬೋಟಿಲ್ಲದವನಿಗೆ ಪರವಾನಗಿ ಬಂತು. ಅದನ್ನಿಟ್ಟುಕೊಂಡು ಬೇರೆಯವರ ಬೋಟಿನಲ್ಲಿ ಚುಕ್ಕಾಣಿ ಹಿಡಿಯುವ ಕೆಲಸ ಸಿಕ್ಕಿತು. ಪಟಾಕಿ ರಜೆಯ ದಿನ ಮನೆಗೆ ಬರತೊಡಗಿದ; ಅತ್ತಿಗೆ ಬಡಿಸಿದ್ದನ್ನು ಉಂಡು, ಅಣ್ಣನ ಜೊತೆ ಸಾಹುಕಾರನನ್ನು ಗೇಲಿ ಮಾಡಿ ನಗುತ್ತಿದ್ದ. ಅಣ್ಣತಮ್ಮಂದಿರು ಮತ್ತೆ ಒಂದಾದರೆಂದು ಹೆಂಡತಿಗೆ ನೆಮ್ಮದಿ. ಆದರೂ ಆ ನಗುವಿನಲ್ಲಿ ಗಂಡನ ದನಿ ತಮ್ಮನ ದನಿಯ ಹಾಗೇ ಕೇಳಿಸುವುದೇಕೆಂದು ಅವಳು ಒಮ್ಮೊಮ್ಮೆ ಅಡುಗೆಮನೆಯಲ್ಲಿ ಕೈಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಒಂದು ಮಧ್ಯಾಹ್ನ ಪಟಾಕಿಯೂ ಇದ್ದಾಗ ಡಾಕ್ಟರಮ್ಮ ಮನೆಗೆ ಬಂದರು. ಮತ್ತಷ್ಟು ಸಣ್ಣಗಾಗಿದ್ದರು. ಹೆಂಡತಿ ಸ್ಟೂಲು ಒರೆಸಿ ಕೊಟ್ಟಳು.

"ನನ್ನ ತೊಟ್ಟಿಗಳೆಲ್ಲ ಖಾಲಿ ಅಣ್ಣಾ," ಎಂದರು. "ಒಂದೇ ಒಂದು ಆಮೇನೂ ಯಾರೂ ತರ್ತಿಲ್ಲ. ರೆಸಾರ್ಟಿನವರು ದೊಡ್ಡ ಬೋರ್ಡ್ ಹಾಕಿದ್ದಾರೆ, ನಮ್ಮ ಪ್ರಚಾರದಿಂದ ಈ ವರ್ಷ ಒಂದು ಆಮೆಗೂ ಗಾಯ ಆಗಿಲ್ಲ ಅಂತ. ನಾನು ಬೆಳಗ್ಗೆ ಎದ್ದು ದಡದಲ್ಲಿ ನಡೀತೀನಿ. ಸತ್ತು ಬಂದು ಬಿದ್ದಿರ್ತವೆ. ಒಂದು ದಿನ ಮೊದಲು ಸಿಕ್ಕಿದ್ರೆ ಉಳಿಸಬಹುದಿತ್ತು ಅನ್ನೋವೇ ಎಷ್ಟೋ."

ಹೆಂಡತಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಡಾಕ್ಟರಮ್ಮ ನಿಧಾನಪ್ಪನ ಕಡೆ ತಿರುಗಿದರು.

"ನಿಮಗೆ ಅನ್ಯಾಯ ಆಯ್ತು. ನನ್ನಿಂದಾನೇ ಆಯ್ತು. ಅವತ್ತು ಬೋಟಲ್ಲಿ ನಾನು ಬಾಯಿ ಮುಚ್ಕೊಂಡೆ, ಅದೂ ಗೊತ್ತು. ಆದ್ರೆ ನೀವು ಹೇಳಿದ್ರೆ ಬಂದರಿನವರು ಕೇಳ್ತಾರೆ. ತನ್ನಿ ಅಂತ ಹೇಳಿ. ನಾನು ಈಗ ಇಲಾಖೆಗೆ ತಿಳಿಸೋದಿಲ್ಲ. ಕೆಲಸ ಹೋದ್ರೆ ಹೋಗ್ಲಿ."

"ಮೇಡಂ, ಅಣ್ಣ ಹೇಳ್ಬೇಕಾದ್ದನ್ನ ಕ್ಯಾಮೆರಾ ಮುಂದೇನೇ ಹೇಳಿದ್ದಾನಲ್ಲ," ಎಂದ ಪಟಾಕಿ.

ಡಾಕ್ಟರಮ್ಮ ಅವನ ಕಡೆ ನೋಡಲಿಲ್ಲ. ನಿಧಾನಪ್ಪನನ್ನೇ ನೋಡುತ್ತ, "ನಿಮ್ಮ ಬಲೆಗೇ ಬಂದ್ರೆ ಏನು ಮಾಡ್ತೀರಿ?" ಎಂದು ಕೇಳಿದರು.

ಅವನು ಗೋಡೆಗೊರಗಿ ಕೂತಿದ್ದ. ತುಂಬ ಹೊತ್ತಾದ ಮೇಲೆ, "ಬಂದಿತ್ತಮ್ಮಾ," ಎಂದ.

"ಯಾವಾಗ?"

"ಮೊನ್ನೆ."

"ಜೀವ ಇತ್ತಾ?"

"ನೋಡ್ಲಿಲ್ಲ."

ಡಾಕ್ಟರಮ್ಮ ಎದ್ದರು. ಚಹಾ ಕುಡಿದು ಹೋಗಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಅವರಿಗೆ ಕೇಳಿಸಲಿಲ್ಲವೋ ಏನೋ, ಚಪ್ಪಲಿ ಮೆಟ್ಟಿ ಬೀದಿಗಿಳಿದರು. "ಚೆನ್ನಾಗಿ ಹೇಳ್ದೆ," ಎಂದು ಪಟಾಕಿಯೂ ಸ್ವಲ್ಪ ಹೊತ್ತಿಗೆ ಕೆಲಸಕ್ಕೆ ಹೊರಟ.

ಹೆಂಡತಿ ಬಂದು ಎದುರಿಗೆ ಕೂತಳು. ಅವನಿಗೆ ಸುಳ್ಳು ಹೇಳುವುದೂ ನಿಧಾನವೇ ಎಂಬುದು ಅವಳಿಗೆ ಗೊತ್ತಿತ್ತು. ನೋಡಲಿಲ್ಲವೆಂಬ ಈ ಸುಳ್ಳನ್ನು ಅವನು ಥಟ್ಟನೆ ಹೇಳಿದ್ದಕ್ಕೇ ಅವಳಿಗೆ ಭಯವಾಗಿತ್ತು.

"ನೋಡಿದ್ರಿ, ಅಲ್ವಾ?"

"ಹೂಂ."

"ಇತ್ತಾ?"

ಅವನು ಎರಡು ಕೈಗಳನ್ನೂ ಮುಂದೆ ಚಾಚಿ, ಅಂಗೈಗಳ ನಡುವೆ ಒಂದು ತಟ್ಟೆ ಹಿಡಿಯುವಷ್ಟು ಜಾಗ ಬಿಟ್ಟು ತೋರಿಸಿದ. "ಇಷ್ಟೇ ಇಷ್ಟಿತ್ತು. ಇನ್ನೂ ಚಿಕ್ಕದು. ಕುತ್ತಿಗೆಗೆ ಬಲೆ ಸುತ್ತಿತ್ತು. ಚಾಕು ಪಕ್ಕದಲ್ಲೇ ಇತ್ತು ಕಣೇ. ಒಂದು ಎಳೆ ಕೊಯ್ದಿದ್ರೆ ಸಾಕಿತ್ತು. ಎಲ್ಲರೂ ನನ್ನೇ ನೋಡ್ತಿದ್ರು. ನಾನು ಹಾಗೇ ಎತ್ತಿ..."

ಅವಳಿಗೆ ಶೆಡ್ಡಿನ ಎರಡನೇ ಪಾಳಿಗೆ ಹೊತ್ತಾಗುತ್ತಿತ್ತು. ಎದ್ದು, ಡಾಕ್ಟರಮ್ಮನಿಗೆಂದು ಮಾಡಿದ ಚಹಾವನ್ನು ಅವನ ಮುಂದಿಟ್ಟು, ರಬ್ಬರ್ ಏಪ್ರನ್ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು.